ಬುಲ್ಸ್ ಐ ಒಂದೇ, ಅಡಿಯ ಬ್ರೆಡ್ ಬೇರೆ ಬೇರೆ: ಪಥ್ಯದವರ ಬೆಳಗಿನ ತಿಂಡಿಗೆ ಒಂದು ಹೋಲಿಕೆ

ಹಾಸನದ ನಮ್ಮ ಮನೆಯಲ್ಲಿ ಭಾನುವಾರದ ತಿಂಡಿಗೆ ಎಲ್ಲರೂ ಕೇಳುವುದು ಬುಲ್ಸ್ ಐ ಮತ್ತು ಟೋಸ್ಟ್. ಆದರೆ ಎಲ್ಲರಿಗೂ ಅದನ್ನು ಒಂದೇ ರೀತಿ ಬಡಿಸುವಂತಿಲ್ಲ. ಅತ್ತೆಯವರಿಗೆ ಸಕ್ಕರೆ ಕಾಯಿಲೆಯ ಜೊತೆಗೆ ರಕ್ತದೊತ್ತಡವಿದೆ, ಮಾವನವರಿಗೆ ಮೂತ್ರಪಿಂಡದ ತೊಂದರೆಯಿದೆ, ರಜೆಗೆಂದು ಮೂಡಿಗೆರೆಯಿಂದ ಬರುವ ಅಕ್ಕನ ಮಗನಿಗೆ ಗೋಧಿಯೇ ಆಗದ ಸೀಲಿಯಾಕ್ ಕಾಯಿಲೆ, ಅವನ ಜೊತೆ ಆಡಲು ಬರುವ ಪಕ್ಕದ ಮನೆಯ ಹುಡುಗಿಗೆ ಮೊಟ್ಟೆಯ ಅಲರ್ಜಿ. ಪಥ್ಯದ ಮಾತು ಬಂದಾಗ ಸಾಮಾನ್ಯವಾಗಿ ಎಲ್ಲರ ಕಣ್ಣೂ ಮೊಟ್ಟೆಯ ಮೇಲಿರುತ್ತದೆ. ಹಳದಿ ತಿನ್ನಬಹುದೋ ಬಾರದೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ಕೆಲವು ವರ್ಷ ಈ ಒಲೆಯ ಮುಂದೆ ನಿಂತ ಮೇಲೆ ನನಗೆ ಮನವರಿಕೆಯಾದದ್ದೇನೆಂದರೆ, ಹೆಚ್ಚಿನ ಪಥ್ಯಗಳು ಕೆಡುವುದು ಮೊಟ್ಟೆಯ ಅಡಿಯಲ್ಲಿರುವ ಬ್ರೆಡ್ಡಿನಿಂದ ಮತ್ತು ಕಾವಲಿಗೆ ಹಾಕುವ ಜಿಡ್ಡಿನಿಂದ. ಅಷ್ಟೇ ಅಲ್ಲ, ಒಬ್ಬರಿಗೆ ಯಾವ ಗುಣಕ್ಕಾಗಿ ಒಂದು ಬ್ರೆಡ್ ಒಳ್ಳೆಯದೋ, ಇನ್ನೊಬ್ಬರಿಗೆ ಅದೇ ಗುಣಕ್ಕಾಗಿ ಅದು ಸಲ್ಲದು. ಆದ್ದರಿಂದ ಈ ಹೋಲಿಕೆಯನ್ನು ಬ್ರೆಡ್ಡಿನಿಂದಲೇ ಆರಂಭಿಸುತ್ತೇನೆ.

ಹೋಲಿಸುವುದಕ್ಕೆ ಒಂದಿಷ್ಟು ಲೆಕ್ಕ ಬೇಕು. ಸಿಪ್ಪೆ ತೆಗೆದು ಸುಮಾರು 50 ಗ್ರಾಂ ತೂಗುವ ಮೊಟ್ಟೆಯಲ್ಲಿ ಹೆಚ್ಚುಕಡಿಮೆ 70 ಕ್ಯಾಲೊರಿ, 6 ಗ್ರಾಂ ಪ್ರೋಟೀನ್ ಮತ್ತು 5 ಗ್ರಾಂ ಕೊಬ್ಬು ಇರುತ್ತವೆ. ಪಿಷ್ಟ ಇಲ್ಲವೆಂದೇ ಹೇಳಬೇಕು. ಅದರಲ್ಲಿರುವ ಸೋಡಿಯಂ ಸುಮಾರು 70 ಮಿಲಿಗ್ರಾಂ. ಬೇಕರಿಯ ಬಿಳಿ ಬ್ರೆಡ್ಡಿನ ಒಂದು ಹೋಳು 25ರಿಂದ 30 ಗ್ರಾಂ ತೂಗುತ್ತದೆ, ಅದರಲ್ಲಿ 13ರಿಂದ 15 ಗ್ರಾಂ ಪಿಷ್ಟವೂ 120ರಿಂದ 150 ಮಿಲಿಗ್ರಾಂ ಸೋಡಿಯಂ ಸಹ ಇರುತ್ತವೆ. ಅಂದರೆ ಎರಡು ಹೋಳು ಬ್ರೆಡ್ ತಿಂದವರು, ಮೇಲೆ ಒಂದು ಚಿಟಿಕೆ ಉಪ್ಪೂ ಉದುರಿಸದಿದ್ದರೂ, ಮೊಟ್ಟೆಯಿಂದ ಬರುವ ಸೋಡಿಯಂನ ಮೂರು ನಾಲ್ಕು ಪಟ್ಟನ್ನು ಬ್ರೆಡ್ಡಿನಿಂದಲೇ ಪಡೆದಿರುತ್ತಾರೆ. ಸಿಹಿ ಬ್ರೆಡ್ಡಿನಲ್ಲಿ ಉಪ್ಪಿಲ್ಲವೆಂದು ನಂಬಿ ರಕ್ತದೊತ್ತಡದವರಿಗೆ ಅದನ್ನು ಕೊಡುವವರಿದ್ದಾರೆ; ಹಿಟ್ಟು ಹದವಾಗಿ ಉಬ್ಬಬೇಕಾದರೆ ಅದಕ್ಕೂ ಉಪ್ಪು ಬೀಳುತ್ತದೆ, ನಾಲಿಗೆಗೆ ತಿಳಿಯುವುದಿಲ್ಲ ಅಷ್ಟೆ.

ಸಕ್ಕರೆ ಕಾಯಿಲೆಯವರಿಗೆ ಯಾವುದು?

ನಮ್ಮ ಕಡೆ ಸಕ್ಕರೆ ಕಾಯಿಲೆ ಎಂದೊಡನೆ ರಾಗಿ ಎಂಬ ಉತ್ತರ ತಾನಾಗಿ ಬಾಯಿಗೆ ಬರುತ್ತದೆ. ರಾಗಿ ನಿಜಕ್ಕೂ ಒಳ್ಳೆಯ ಧಾನ್ಯ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ, ನಾರೂ ಸಾಕಷ್ಟಿದೆ. ಆದರೆ ಪಿಷ್ಟದ ಲೆಕ್ಕ ಹಿಡಿದರೆ ಚಿತ್ರ ಬದಲಾಗುತ್ತದೆ. 50 ಗ್ರಾಂ ಹಿಟ್ಟಿನಲ್ಲಿ ತಟ್ಟಿದ ಒಂದು ರಾಗಿ ರೊಟ್ಟಿಯಲ್ಲಿ ಸುಮಾರು 33ರಿಂದ 36 ಗ್ರಾಂ ಪಿಷ್ಟ ಇರುತ್ತದೆ, ಎರಡು ಹೋಳು ಬ್ರೆಡ್ಡಿನಲ್ಲಿ ಇರುವುದು 26ರಿಂದ 30 ಗ್ರಾಂ. ಅಷ್ಟೇ ಹಿಟ್ಟಿನ ಅಕ್ಕಿ ರೊಟ್ಟಿಯಾದರೆ ಅದು 40 ಗ್ರಾಂ ಹತ್ತಿರ ಹೋಗುತ್ತದೆ, ಹೆಚ್ಚುಕಡಿಮೆ ಮೂರು ಹೋಳು ಬ್ರೆಡ್ಡಿಗೆ ಸಮ. ಹೀಗಾಗಿ ಬ್ರೆಡ್ ಬಿಟ್ಟು ರೊಟ್ಟಿಗೆ ಹೋದೆನೆಂದು ಸಮಾಧಾನಪಟ್ಟುಕೊಂಡು ಎರಡು ರೊಟ್ಟಿ ತಿಂದವರ ಸಕ್ಕರೆ ಏರಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನುಣ್ಣಗೆ ಬೀಸಿ ಜರಡಿ ಹಿಡಿದ ರಾಗಿ ಹಿಟ್ಟು ಬೇಗ ಜೀರ್ಣವಾಗುತ್ತದೆ. ಜರಡಿಯಲ್ಲಿ ನಿಂತ ಹೊಟ್ಟನ್ನು ಎಸೆದ ಮೇಲೆ ನಾರಿನ ಲಾಭವೂ ಕಡಿಮೆಯಾಗುತ್ತದೆ.

ಬೇಕರಿಯ ಬ್ರೌನ್ ಬ್ರೆಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದದ್ದು. ಮೈದಾಕ್ಕೆ ಸುಟ್ಟ ಸಕ್ಕರೆಯ ಬಣ್ಣ ಕೂಡಿಸಿದರೂ ಬ್ರೆಡ್ ಕಂದು ಬಣ್ಣಕ್ಕೆ ತಿರುಗುತ್ತದೆ. ಪೊಟ್ಟಣದ ಮೇಲಿನ ಸಾಮಗ್ರಿಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬ ನಿಯಮವಿರುವುದರಿಂದ, ಪಟ್ಟಿಯ ಮೊದಲ ಪದ ಇಡಿಗೋಧಿ ಹಿಟ್ಟೋ, ಸಂಸ್ಕರಿಸಿದ ಗೋಧಿ ಹಿಟ್ಟೋ ಎಂದು ನೋಡಿದರೆ ಸಾಕು. ಎರಡನೆಯ ಹೆಸರು ಮೈದಾದ್ದೇ. ಮೊದಲ ಪದ ಮೈದಾ ಆಗಿದ್ದರೆ ಬಿಳಿ ಬ್ರೆಡ್ಡನ್ನೇ ಒಂದು ಹೋಳು ತಿನ್ನುವುದು ಲೇಸು, ಹಣವಾದರೂ ಉಳಿಯುತ್ತದೆ.

ಅತ್ತೆಯವರಿಗೆ ನಾನು ಕೊಡುವುದು ಇಡಿಗೋಧಿ ಬ್ರೆಡ್ಡಿನ ಒಂದು ಹೋಳು, ಒಂದು ಪೂರ್ತಿ ಮೊಟ್ಟೆ, ಪಕ್ಕದಲ್ಲಿ ಸೌತೆಕಾಯಿ ಅಥವಾ ಹುರಿದ ಸೊಪ್ಪು. ಸೊಪ್ಪು ಮತ್ತು ಮೊಟ್ಟೆಯನ್ನು ಮೊದಲು ತಿಂದು ಬ್ರೆಡ್ಡನ್ನು ಕೊನೆಗೆ ತಿನ್ನುವುದರಿಂದ ಊಟದ ನಂತರ ಸಕ್ಕರೆ ಏರುವ ವೇಗ ತಗ್ಗುತ್ತದೆ. ರಾಗಿಯೇ ಬೇಕೆಂದು ಅವರು ಹಠ ಹಿಡಿದ ದಿನ, ಜರಡಿ ಹಿಡಿಯದ ಹಿಟ್ಟಿಗೆ ನುಗ್ಗೆಸೊಪ್ಪು, ಈರುಳ್ಳಿ ಹೇರಳವಾಗಿ ಸೇರಿಸಿ 30 ಗ್ರಾಂ ಹಿಟ್ಟಿನ ಸಣ್ಣ ರೊಟ್ಟಿ ತಟ್ಟುತ್ತೇನೆ. ಇದರ ಇನ್ನೊಂದು ತುದಿಯೂ ಇದೆ. ಪಿಷ್ಟವೇ ಬೇಡವೆಂದು ಬ್ರೆಡ್ಡನ್ನು ಪೂರ್ತಿ ಬಿಟ್ಟು ಬರೀ ಮೊಟ್ಟೆ ತಿನ್ನುವ ಪದ್ಧತಿ ತೂಕ ಇಳಿಸುವವರಲ್ಲಿ ಈಗ ಬಹಳ ಕಂಡುಬರುತ್ತದೆ. ಆದರೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗುವವರು ವೈದ್ಯರನ್ನು ಕೇಳದೆ ಹಾಗೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಗೋಧಿ ಆಗದವರಿಗೆ

ಸೀಲಿಯಾಕ್ ಇರುವವರಿಗೆ ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಇದರಲ್ಲಿ ಸ್ವಲ್ಪ ತಿಂದರೆ ಪರವಾಗಿಲ್ಲ ಎಂಬ ಮಾತಿಗೆ ಜಾಗವೇ ಇಲ್ಲ. ಭಾರತದ ನಿಯಮದ ಪ್ರಕಾರ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರಬಾರದು. ಇಲ್ಲಿ ಬೇಕರಿಯ ಬ್ರೆಡ್ಡಿಗೂ ನಮ್ಮ ರೊಟ್ಟಿಗೂ ಹೋಲಿಕೆ ಮಾಡಿದರೆ ರೊಟ್ಟಿಯೇ ನಿರಾಯಾಸವಾಗಿ ಗೆಲ್ಲುತ್ತದೆ. ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಮನೆಗಳಲ್ಲಿ ಕುದಿಯುವ ನೀರಿನಲ್ಲಿ ಅಕ್ಕಿ ಹಿಟ್ಟನ್ನು ಬೇಯಿಸಿ, ನಾದಿ, ತೆಳ್ಳಗೆ ಮಾಡಿ ಕೆಂಡದ ಮೇಲೆ ಉಬ್ಬಿಸುವ ಅಕ್ಕಿ ರೊಟ್ಟಿಯ ಮೇಲೆ ಬುಲ್ಸ್ ಐ ಇಟ್ಟರೆ, ಹರಿಯುವ ಹಳದಿಯನ್ನು ಅದು ಟೋಸ್ಟಿಗಿಂತ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಅಂಗಡಿಯಲ್ಲಿ ದೊರೆಯುವ ಗ್ಲುಟೆನ್ ರಹಿತ ಬ್ರೆಡ್ಡಿನ ಬೆಲೆ ಹೆಚ್ಚು, ಟೋಸ್ಟ್ ಮಾಡದೆ ತಿಂದರೆ ಪುಡಿಪುಡಿಯಾಗುತ್ತದೆ. ಶಾಲೆಯ ಡಬ್ಬಿಗೆ ಸ್ಯಾಂಡ್‌ವಿಚ್ ಬೇಕೆಂದಾಗ ಮಾತ್ರ ಅದನ್ನು ತರುವುದು ಸರಿ.

ಆದರೆ ರಾಗಿ, ಅಕ್ಕಿ ಎಂಬ ಹೆಸರಿದ್ದ ಮಾತ್ರಕ್ಕೆ ನಂಬಬಾರದು. ಒಮ್ಮೆ ಒಂದು ಬೇಕರಿಯಿಂದ ರಾಗಿ ಬ್ರೆಡ್ ಎಂಬ ಹೆಸರು ನೋಡಿ ತಂದು ಹುಡುಗನಿಗೆ ಕೊಟ್ಟೆ, ಸಂಜೆಯೊಳಗೆ ಹೊಟ್ಟೆ ಹಿಡಿದುಕೊಂಡು ಮಲಗಿದ. ಪೊಟ್ಟಣವನ್ನು ಕಸದ ಬುಟ್ಟಿಯಿಂದ ಹೆಕ್ಕಿ ಓದಿದಾಗ ಮೊದಲ ಸಾಮಗ್ರಿ ಮೈದಾ, ರಾಗಿ ಹೆಸರಿಗಷ್ಟೇ ಎಂದು ಗೊತ್ತಾಯಿತು. ತಪ್ಪು ಓದದೆ ಕೊಟ್ಟ ನನ್ನದೂ ಹೌದು. ರಾಗಿ ಹಿಟ್ಟಿಗೆ ತಾನಾಗಿ ಹಿಗ್ಗುವ ಜಿಗುಟು ಇಲ್ಲದ ಕಾರಣ ಬೇಕರಿಯವರು ಅದಕ್ಕೆ ಗೋಧಿ ಬೆರೆಸುತ್ತಾರೆ ಎಂಬುದನ್ನು ನಾನು ಊಹಿಸಬೇಕಿತ್ತು. ಇನ್ನೊಂದು ಜಾಗ ಹಿಟ್ಟಿನ ಗಿರಣಿ. ಹಿಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮ ರಾಗಿಯೂ ಬೀಳುತ್ತದೆ, ಮೊದಲ ಒಂದೆರಡು ಸೇರಿನಲ್ಲಿ ಅವರ ಹಿಟ್ಟು ಬೆರೆತೇ ಬರುತ್ತದೆ. ಅದಕ್ಕಾಗಿ ಅಕ್ಕ ಮನೆಯಲ್ಲೇ ಸಣ್ಣ ಬೀಸುವ ಯಂತ್ರ ಇಟ್ಟುಕೊಂಡಿದ್ದಾಳೆ. ಮೊಟ್ಟೆಯ ಮೇಲೆ ಉದುರಿಸುವ ಚಟ್ನಿಪುಡಿಯಲ್ಲಿ ಇಂಗು ಇದ್ದರೆ ಅದನ್ನೂ ನೋಡಬೇಕು, ಅಂಗಡಿಯ ಇಂಗಿಗೆ ಗೋಧಿ ಹಿಟ್ಟು ಬೆರೆಸುವುದು ಮಾಮೂಲು.

ಮೂತ್ರಪಿಂಡದ ತೊಂದರೆಯಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ

ಮಾವನವರ ವಿಷಯದಲ್ಲಿ ನಾನು ಕಲಿತದ್ದು ಉಳಿದೆಲ್ಲ ಪಥ್ಯಗಳಿಗಿಂತ ಹೆಚ್ಚು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅತ್ತೆಯವರಿಗೆ ತಂದ ಇಡಿಗೋಧಿ ಬ್ರೆಡ್ಡನ್ನೇ ಮಾವನವರಿಗೂ ಕೊಡುತ್ತಿದ್ದೆ. ರಕ್ತ ಪರೀಕ್ಷೆಯ ವರದಿ ನೋಡಿದ ಆಹಾರ ತಜ್ಞೆ ಅವರಿಗೆ ಬಿಳಿ ಬ್ರೆಡ್ ಕೊಡಿ ಎಂದಾಗ ನನಗೆ ಕಿವಿ ನಂಬಲಾಗಲಿಲ್ಲ. ಕಾರಣ ಸರಳವಾಗಿದೆ: ಧಾನ್ಯದ ಹೊರಪದರದಲ್ಲಿ ನಾರಿನ ಜೊತೆಗೇ ರಂಜಕ (ಫಾಸ್ಫರಸ್) ಮತ್ತು ಪೊಟ್ಯಾಸಿಯಂ ಕುಳಿತಿರುತ್ತವೆ, ಸೋತ ಮೂತ್ರಪಿಂಡಕ್ಕೆ ಇವೆರಡನ್ನೂ ಹೊರಹಾಕುವುದು ಕಷ್ಟ. ರಾಗಿಗೂ ಇದೇ ಮಾತು ಅನ್ವಯಿಸುತ್ತದೆ. ಹೊಟ್ಟಿನಲ್ಲಿರುವ ರಂಜಕ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲವೆಂಬ ಕಾರಣಕ್ಕೆ ಕೆಲವರಿಗೆ ಇಡಿಧಾನ್ಯವನ್ನು ಅಳತೆಯಲ್ಲಿ ಬಿಡುವುದೂ ಉಂಟು, ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಆ ವ್ಯಕ್ತಿಯ ವರದಿಯನ್ನು ಕೈಯಲ್ಲಿ ಹಿಡಿದವರು.

ಮೊಟ್ಟೆಯಲ್ಲೂ ಇದೇ ವಿಂಗಡಣೆ ಬೇಕಾಗುತ್ತದೆ. ಒಂದು ಮೊಟ್ಟೆಯ ಬಿಳಿಯಲ್ಲಿ ಸುಮಾರು 3.5 ಗ್ರಾಂ ಪ್ರೋಟೀನ್ ಇದ್ದರೂ ರಂಜಕ 5 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ, ಹಳದಿಯಲ್ಲಾದರೆ ಅದು 60 ಮಿಲಿಗ್ರಾಂ ದಾಟುತ್ತದೆ. ಆದ್ದರಿಂದ ರಂಜಕ ಏರಿದವರಿಗೆ ಎರಡು ಬಿಳಿಗಳನ್ನು ಸೇರಿಸಿ ಹುರಿದು ಕೊಡುವುದು ಒಂದು ಪೂರ್ತಿ ಮೊಟ್ಟೆಗಿಂತ ಹಿತ. ಪ್ರೋಟೀನಿನ ವಿಷಯದಲ್ಲಂತೂ ಎರಡು ಹಂತಗಳ ನಡುವೆ ಸಲಹೆಯೇ ಉಲ್ಟಾ ಆಗುತ್ತದೆ: ಡಯಾಲಿಸಿಸ್ ಆರಂಭವಾಗುವ ಮೊದಲು ಪ್ರೋಟೀನನ್ನು ಮಿತಿಯಲ್ಲಿಡುವಂತೆ ಹೇಳುತ್ತಾರೆ, ಡಯಾಲಿಸಿಸ್ ಆರಂಭವಾದ ಮೇಲೆ ಅದರಲ್ಲಿ ಪ್ರೋಟೀನ್ ನಷ್ಟವಾಗುವುದರಿಂದ ಹೆಚ್ಚು ತಿನ್ನಿ ಎನ್ನುತ್ತಾರೆ. ಬಂಧುವೊಬ್ಬರು ಡಯಾಲಿಸಿಸ್‌ನಲ್ಲಿದ್ದಾಗ ದಿನಕ್ಕೆ ಎರಡು ಮೂರು ಬಿಳಿ ತಿಂದರೆಂದು ಅದೇ ಮಾದರಿಯನ್ನು ಆರಂಭದ ಹಂತದವರು ಅನುಸರಿಸುವುದು ತಪ್ಪು.

ಉಪ್ಪಿನ ಬದಲಿಗೆ ಮಾರುವ ಕಡಿಮೆ ಸೋಡಿಯಂ ಉಪ್ಪಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಬಂದಿರುತ್ತದೆ. ಮೂತ್ರಪಿಂಡ ಸರಿಯಿರುವ ರಕ್ತದೊತ್ತಡದವರಿಗೆ ಅದು ಉಪಯುಕ್ತವಾಗಬಹುದು, ಮೂತ್ರಪಿಂಡ ಸೋತವರಿಗೆ ಮತ್ತು ಪೊಟ್ಯಾಸಿಯಂ ಉಳಿಸುವ ಕೆಲವು ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಅಪಾಯಕಾರಿ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನೊಳಗೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾಫಿ ತೋಟದ ಮರಗಳಿಗೆ ಹಬ್ಬಿದ ಬಳ್ಳಿಯಿಂದ ಕೊಯ್ದ ಕಾಳುಮೆಣಸು ಇಲ್ಲಿ ಯಾರ ಮನೆಯಲ್ಲಿಲ್ಲ? ಅದನ್ನು ಆಗಲೇ ಕುಟ್ಟಿ ಬಿಸಿ ಮೊಟ್ಟೆಯ ಮೇಲೆ ಉದುರಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಉಪ್ಪಿನ ಕೊರತೆ ಅರ್ಧಕ್ಕರ್ಧ ಮರೆತುಹೋಗುತ್ತದೆ.

ಯಾವ ಜಿಡ್ಡು, ಎಷ್ಟು?

ಹೃದಯದ ತೊಂದರೆ ಅಥವಾ ಕೊಲೆಸ್ಟರಾಲ್ ಏರಿದೆಯೆಂದು ಹಳದಿಯನ್ನು ಎಸೆದು, ಉಳಿದ ಬಿಳಿಯನ್ನು ಎರಡು ಚಮಚ ಬೆಣ್ಣೆಯಲ್ಲಿ ಹುರಿಯುವವರನ್ನು ನಾನು ಕಂಡಿದ್ದೇನೆ. ಒಂದು ಹಳದಿಯಲ್ಲಿ 185 ಮಿಲಿಗ್ರಾಂ ಆಸುಪಾಸು ಕೊಲೆಸ್ಟರಾಲ್ ಇರುವುದು ನಿಜ. ಆದರೆ ಹೆಚ್ಚಿನವರಲ್ಲಿ ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದರಲ್ಲಿ ಪರ್ಯಾಪ್ತ ಕೊಬ್ಬಿನ (ಸ್ಯಾಚುರೇಟೆಡ್ ಫ್ಯಾಟ್) ಪಾಲು ಆಹಾರದ ಕೊಲೆಸ್ಟರಾಲಿಗಿಂತ ದೊಡ್ಡದು. ಅಮೆರಿಕದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಹೃದ್ರೋಗ, ಸಕ್ಕರೆ ಕಾಯಿಲೆ, ವಂಶದಿಂದ ಬಂದ ಅಧಿಕ ಕೊಲೆಸ್ಟರಾಲ್ ಇರುವವರು ಮಾತ್ರ ತಮ್ಮ ಮಿತಿಯನ್ನು ವೈದ್ಯರಿಂದ ಕೇಳಿಕೊಳ್ಳಬೇಕು.

ಜಿಡ್ಡುಗಳಲ್ಲಿ ತೆಂಗಿನೆಣ್ಣೆಯ ಹತ್ತರಲ್ಲಿ ಎಂಟೂವರೆ ಪಾಲಿಗೂ ಮಿಕ್ಕಿ ಪರ್ಯಾಪ್ತ ಕೊಬ್ಬು, ತುಪ್ಪದಲ್ಲಿ ಅದು ಅರ್ಧಕ್ಕಿಂತ ಹೆಚ್ಚು, ಬೆಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ ಐದನೆಯ ಒಂದು ಭಾಗಕ್ಕಿಂತ ಕಡಿಮೆ, ಸೂರ್ಯಕಾಂತಿಯಲ್ಲಿ ಇನ್ನೂ ಕಡಿಮೆ. ಅರಸೀಕೆರೆ, ಚನ್ನರಾಯಪಟ್ಟಣಗಳ ತೆಂಗಿನ ತೋಟದವರಿಗೆ ಈ ಮಾತು ರುಚಿಸದಿರಬಹುದು, ಆದರೂ ಹೃದಯದ ಪಥ್ಯದಲ್ಲಿರುವವರ ಮೊಟ್ಟೆಗೆ ನಾನು ಕಡಲೆಕಾಯಿ ಎಣ್ಣೆಯನ್ನೇ ಆರಿಸುತ್ತೇನೆ. ಕಡಲೆಕಾಯಿ ಅಲರ್ಜಿಯಿದ್ದವರಿಗೆ ಗಾಣದ ಎಣ್ಣೆ ಸಲ್ಲದು. ಅದರಲ್ಲಿ ಕಾಯಿಯ ಪ್ರೋಟೀನ್ ಉಳಿದಿರುತ್ತದೆ. ಹಾಲು ಜೀರ್ಣವಾಗದವರಿಗೆ ತುಪ್ಪ ಹೊಂದುತ್ತದೆ, ಏಕೆಂದರೆ ಕಾಯಿಸುವಾಗ ಹಾಲಿನ ಸಕ್ಕರೆ ಬಹುಮಟ್ಟಿಗೆ ಗಸಿಯಲ್ಲೇ ಉಳಿಯುತ್ತದೆ. ಹಾಲಿನ ಪ್ರೋಟೀನಿಗೆ ಅಲರ್ಜಿಯಿದ್ದರೆ ತುಪ್ಪವೂ ಬೇಡ, ಹಾಲಿನ ಪುಡಿ ಬೆರೆಸಿದ ಬ್ರೆಡ್ಡೂ ಬೇಡ.

ಯಾವ ಎಣ್ಣೆಯಾದರೂ ಒಂದು ಟೀ ಚಮಚಕ್ಕೆ 40 ಕ್ಯಾಲೊರಿಗಿಂತ ಹೆಚ್ಚೇ. ಆದುದರಿಂದ ಎಣ್ಣೆಯ ಜಾತಿಗಿಂತ ಅಳತೆ ದೊಡ್ಡದು. ಚೆನ್ನಾಗಿ ಪಳಗಿದ ಕಬ್ಬಿಣದ ಕಾವಲಿಗೆ ಅರ್ಧ ಚಮಚ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಮೊಟ್ಟೆ ಒಡೆದು ಬಿಟ್ಟು, ಅಂಚು ಬೆಳ್ಳಗಾದೊಡನೆ ಪಕ್ಕಕ್ಕೆ ಎರಡು ಚಮಚ ನೀರು ಹಾಕಿ ತಟ್ಟೆ ಮುಚ್ಚಿದರೆ, ಮೇಲ್ಭಾಗ ಹಬೆಯಲ್ಲೇ ಬೇಯುತ್ತದೆ. ಗರಿಗರಿಯಾದ ಅಂಚು ಬೇಕೆನ್ನುವವರಿಗೆ ಇದು ಸಪ್ಪೆ ಎನಿಸುತ್ತದೆ, ಒಪ್ಪುತ್ತೇನೆ. ಗರಿಗರಿ ಬೇಕಾದರೆ ಎಣ್ಣೆಯೂ ಉರಿಯೂ ಹೆಚ್ಚಬೇಕು, ಬೇರೆ ದಾರಿಯಿಲ್ಲ.

ಹಳದಿ ಹರಿಯಬೇಕೋ, ಗಟ್ಟಿಯಾಗಬೇಕೋ?

ಸಂಜೆಯ ಮೊಟ್ಟೆ ಗಾಡಿಯವರು ಹಾಫ್ ಬಾಯಿಲ್ ಎಂದು ಕರೆಯುವ, ಒಂದೇ ಮಗ್ಗುಲು ಬೆಂದ ಮೊಟ್ಟೆಯ ರುಚಿ ದೊಡ್ಡದು. ಆದರೆ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದಾದ್ದರಿಂದ ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ, ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಹಳದಿಯೂ ಗಟ್ಟಿಯಾಗುವಂತೆ, ಅಂದರೆ ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ, ಎರಡೂ ಮಗ್ಗುಲು ಬೇಯಿಸಬೇಕು. ವ್ಯಾಯಾಮಶಾಲೆಗೆ ಹೋಗುವ ಹುಡುಗರು ಹಸಿ ಮೊಟ್ಟೆಯನ್ನು ಲೋಟಕ್ಕೆ ಒಡೆದು ಕುಡಿಯುವುದರಲ್ಲಿ ಶೌರ್ಯ ಕಾಣುತ್ತಾರೆ. ಬೆಂದ ಮೊಟ್ಟೆಯ ಪ್ರೋಟೀನ್ ಹಸಿಯದಕ್ಕಿಂತ ಎಷ್ಟೋ ಚೆನ್ನಾಗಿ ಮೈಗೆ ಹತ್ತುತ್ತದೆ. ನಾಟಿ ಕೋಳಿಯ ಮೊಟ್ಟೆಯೋ ಫಾರಂ ಮೊಟ್ಟೆಯೋ ಎಂಬ ಪ್ರಶ್ನೆ ಪಥ್ಯದ ಮಟ್ಟಿಗೆ ದೊಡ್ಡದಲ್ಲ. ಹಳದಿಯ ಕಡುಬಣ್ಣ ಕೋಳಿ ತಿಂದ ಮೇವಿನಿಂದ ಬರುತ್ತದೆ, ನಾಟಿ ಮೊಟ್ಟೆ ಗಾತ್ರದಲ್ಲಿ ಚಿಕ್ಕದಾದ್ದರಿಂದ ಒಂದಕ್ಕೆ ಸಿಗುವ ಪ್ರೋಟೀನ್ ಸ್ವಲ್ಪ ಕಡಿಮೆಯೇ.

ರಕ್ತಹೀನತೆಯಿರುವವರು ಗಮನಿಸಬೇಕಾದದ್ದು ತಟ್ಟೆಯ ಪಕ್ಕದ ಲೋಟ. ಕಾಫಿ ನಾಡಿನಲ್ಲಿ ಕುಳಿತು ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಕಾಫಿ ಮತ್ತು ಚಹಾ ಎರಡೂ ಆಹಾರದ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತವೆ. ತಿಂಡಿಗೂ ಕಾಫಿಗೂ ಒಂದು ಗಂಟೆಯ ಅಂತರವಿರಲಿ, ತಿಂಡಿಯ ಜೊತೆಗೆ ಕಿತ್ತಳೆ ಅಥವಾ ಸೀಬೆಹಣ್ಣು ಇರಲಿ.

ಮೊಟ್ಟೆಯೇ ಬೇಡವಾದವರಿಗೆ

ಅಲರ್ಜಿಯಿದ್ದವರಿಗೂ ಸಸ್ಯಾಹಾರಿಗಳಿಗೂ ಹಾಸನದವರು ಬಹಳ ದೂರ ಹುಡುಕಬೇಕಿಲ್ಲ. ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿ ಬೆಳೆಸಿದವರಲ್ಲಿ ಅನೇಕರು ಇದೇ ಜಿಲ್ಲೆಯಿಂದ ಹೋದವರು, ಮೊಟ್ಟೆ ಮುಟ್ಟದೆ ಬ್ರೆಡ್, ಕೇಕ್ ಮಾಡುವುದೇ ಅವರ ಹೆಚ್ಚುಗಾರಿಕೆ. ಈರುಳ್ಳಿ, ಕ್ಯಾರೆಟ್, ಹಸಿಮೆಣಸಿನಕಾಯಿ, ಕೊತ್ತಂಬರಿಯನ್ನು ಬಾಡಿಸಿ ಬ್ರೆಡ್ಡಿನ ಮೇಲೆ ಹರಡುವ ಅವರ ಮಸಾಲೆ ಟೋಸ್ಟ್ ರುಚಿಯಲ್ಲಿ ಬುಲ್ಸ್ ಐಗೆ ಸಾಟಿ, ಪ್ರೋಟೀನಿನಲ್ಲಿ ಸಾಟಿಯಲ್ಲ. ಆ ಕೊರತೆ ತುಂಬಲು ನಾನು ಕಡಲೆಹಿಟ್ಟನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಅರಿಶಿನ ಮತ್ತು ಚಿಟಿಕೆ ಕಪ್ಪು ಉಪ್ಪು ಹಾಕಿ, ದಪ್ಪಗೆ ಹುಯ್ದು ಎರಡೂ ಮಗ್ಗುಲು ಬೇಯಿಸುತ್ತೇನೆ. ಕಪ್ಪು ಉಪ್ಪಿನಲ್ಲಿರುವ ಗಂಧಕದ ಸಂಯುಕ್ತಗಳಿಂದ ಮೊಟ್ಟೆಯದೇ ವಾಸನೆ ಬರುತ್ತದೆ. 30 ಗ್ರಾಂ ಕಡಲೆಹಿಟ್ಟಿನಲ್ಲಿ ಒಂದು ಮೊಟ್ಟೆಯಷ್ಟೇ ಪ್ರೋಟೀನ್ ಸಿಗುತ್ತದೆ, ಜೊತೆಗೆ 17 ಗ್ರಾಂ ಆಸುಪಾಸು ಪಿಷ್ಟವೂ ಬರುವುದರಿಂದ ಸಕ್ಕರೆ ಕಾಯಿಲೆಯವರು ಆ ದಿನ ಬ್ರೆಡ್ಡನ್ನು ಅರ್ಧಕ್ಕೆ ಇಳಿಸಬೇಕು. ಪನೀರ್ ಹೋಳುಗಳನ್ನು ಹುರಿದು ಕೊಟ್ಟರೆ ಪಿಷ್ಟದ ಚಿಂತೆ ಇಲ್ಲ, ಕೊಬ್ಬಿನ ಚಿಂತೆ ಇದೆ.

ಆಷಾಢ, ಶ್ರಾವಣದ ಮಳೆಯಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಬ್ರೆಡ್ಡಿಗೆ ಎರಡು ಮೂರು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಮೂಲೆಯನ್ನು ಕಿತ್ತು ಉಳಿದದ್ದನ್ನು ಟೋಸ್ಟ್ ಮಾಡುವುದು ಯಾವ ಪಥ್ಯದವರಿಗೂ ಸರಿಯಲ್ಲ. ಹೋಳು ಮಾಡಿದ ಬ್ರೆಡ್ಡನ್ನು ಫ್ರೀಜರಿನಲ್ಲಿಟ್ಟು, ಬೇಕಾದಷ್ಟನ್ನು ತೆಗೆದು ನೇರವಾಗಿ ಕಾವಲಿಗೆ ಹಾಕಬಹುದು; ಫ್ರಿಜ್ಜಿನ ಕೆಳಭಾಗದಲ್ಲಿಟ್ಟರೆ ಬೂಷ್ಟು ತಡವಾದರೂ ಬ್ರೆಡ್ ಬೇಗ ಬಿರುಸಾಗುತ್ತದೆ.

ಒಂದೇ ಒಲೆಯಲ್ಲಿ ಎಲ್ಲರಿಗೂ ಮಾಡುವಾಗ ಕ್ರಮ ತಪ್ಪಬಾರದು. ಮೊದಲು ಕಡಲೆಹಿಟ್ಟಿನ ದೋಸೆ ಬೇಯುತ್ತದೆ. ಪಕ್ಕದ ಮನೆಯ ಹುಡುಗಿಯ ಕಾವಲಿ, ದೋಸೆ ತಿರುವುವ ಕೈ, ಎಣ್ಣೆ ಸವರುವ ಬಟ್ಟೆ ಎಲ್ಲವೂ ಬೇರೆಯೇ, ಮೊಟ್ಟೆ ಹುರಿದ ಕಾವಲಿಯನ್ನು ಬರೀ ಒರೆಸಿ ಅವಳಿಗೆ ಬಳಸುವುದಿಲ್ಲ. ಆಮೇಲೆ ಬ್ರೆಡ್ಡೇ ಮುಟ್ಟದ ಇನ್ನೊಂದು ಕಾವಲಿಯಲ್ಲಿ ಅಕ್ಕನ ಮಗನ ರೊಟ್ಟಿ ಮತ್ತು ಮೊಟ್ಟೆ. ಮನೆಯ ದೊಡ್ಡ ಕಾವಲಿ ಒಲೆಗೇರುವುದು ಅದರ ನಂತರ: ಮಾವನವರ ಎರಡು ಬಿಳಿ, ಅತ್ತೆಯವರ ಪೂರ್ತಿ ಮೊಟ್ಟೆ, ಕೊನೆಗೆ ಅದೇ ಬಿಸಿಯಲ್ಲಿ ಇಬ್ಬರ ಬ್ರೆಡ್. ಮಾವನವರಿಗೆ ಹೋಗಬೇಕಿದ್ದ ಎರಡು ಹಳದಿಗಳು ಸಾಮಾನ್ಯವಾಗಿ ನನ್ನ ತಟ್ಟೆಗೆ ಬರುತ್ತವೆ.